ಕಡಲೆಯ ರೈಜೋಬಿಯಂ ಪಾಕೀಟು: ಎರಡು ಹಿಂಗಾರಿ ಬಳಸಿ ನೋಡಿ ಬರೆದದ್ದು

ಇನ್ನೂರು ಗ್ರಾಂ ತೂಗುವ ಪ್ಲಾಸ್ಟಿಕ್ ಪಾಕೀಟು. ತುದಿ ಕತ್ತರಿಸಿದರೆ ಒಳಗೆ ಒದ್ದೆ ಇದ್ದಿಲಿನಂಥ ಕಪ್ಪು ಪುಡಿ, ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಪುಡಿ ಅಂದರೆ ಲಿಗ್ನೈಟ್, ಒಂದು ಬಗೆಯ ಕಲ್ಲಿದ್ದಲು. ಅದರೊಳಗೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಂತ ಅಣುಜೀವಿಗಳಿವೆ ಎಂದು ನಂಬಿ ನಾವು ದುಡ್ಡು ಕೊಡುತ್ತೇವೆ. ಹೊಲ ನೋಡಿಕೊಳ್ಳುವ ಕಾಕಾ ಮೊದಲ ಸಲ ಅದನ್ನು ಅಂಗೈಯಲ್ಲಿ ತಿಕ್ಕಿ ನೋಡಿ, "ಅಕ್ಕೋರ, ನಮ್ಮ ಎರಿ ಹೊಲಕ್ಕ ಮತ್ತ ಕರಿಮಣ್ಣ ಯಾಕ ಹಾಕೂದು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಸಿಗಲು ನನಗೆ ಎರಡು ಹಿಂಗಾರಿ ಬೇಕಾದವು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಬೇರುಗಂಟಿನ ಪಾಠ ಪ್ರತಿ ವರ್ಷ ಬರುತ್ತಿತ್ತು, ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ನವಲಗುಂದದ ಕಡೆಗಿರುವ ಮನೆತನದ ಹೊಲವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಎರಡು ತುಂಡು. ಒಂದು ಹಳೇ ಹೊಲ, ಅಲ್ಲಿ ಅಜ್ಜನ ಕಾಲದಿಂದ ಬಿಳಿಜೋಳ, ಕಡಲೆ ತಿರುಗಿಸಿ ಬಿತ್ತುತ್ತ ಬಂದಿದ್ದಾರೆ. ಇನ್ನೊಂದು ಕಾಲುವೆ ಹೊಲ. ಮಲಪ್ರಭಾ ನೀರು ಬಂದ ಮೇಲೆ ಅಲ್ಲಿ ಹತ್ತಿ, ಗೋವಿನಜೋಳ ಬಿಟ್ಟು ಬೇರೆ ಬೆಳೆದದ್ದೇ ಇರಲಿಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ವರ್ಷ ಹತ್ತಿರದ ಊರಿನ ಬೀಜ-ಗೊಬ್ಬರದ ಅಂಗಡಿಯಿಂದ ಪಾಕೀಟು ತಂದೆ. ಅಂಗಡಿಯ ಹೆಸರು, ಕಂಪನಿಯ ಹೆಸರು ಬರೆಯುವುದಿಲ್ಲ, ಇಂಥ ಪಾಕೀಟು ಎಷ್ಟೋ ಕಡೆ ಸಿಗುತ್ತದೆ. ಮೇಲೆ ದೊಡ್ಡದಾಗಿ "ರೈಜೋಬಿಯಂ", ಕೆಳಗೆ "ಎಲ್ಲ ದ್ವಿದಳ ಧಾನ್ಯಗಳಿಗೆ" ಎಂದಿತ್ತು. ಅವಧಿ ಮುಗಿದಿರಲಿಲ್ಲ. ಆದರೆ ಅದು ಇದ್ದದ್ದು ಬಾಗಿಲ ಪಕ್ಕದ ಕಪಾಟಿನಲ್ಲಿ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗದಲ್ಲಿ. ಅದನ್ನು ಕಣ್ಣಾರೆ ಕಂಡೂ ನಾನು ತಂದೆ.

ಬೀಜೋಪಚಾರ ಹೇಳಿದ ಹಾಗೇ ಮಾಡಿದೆವು. ಬೆಲ್ಲ ಕುದಿಸಿ ಆರಿಸಿದ ಅಂಟುನೀರು, ಹತ್ತು ಕಿಲೋ ಬೀಜಕ್ಕೆ ಒಂದು ಪಾಕೀಟು, ತಾಡಪತ್ರಿಯ ಮೇಲೆ ಕೈಯಾಡಿಸಿ, ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತನೆ. ಬೀಜ ಅಣ್ಣಿಗೇರಿ-1. ಎಂಟು ಸಾಲು ಉಪಚಾರವಿಲ್ಲದೆ ಬಿಟ್ಟೆ. ಆ ಸಾಲುಗಳನ್ನೇ ಮೊದಲು ಬಿತ್ತಿಸಿದೆ. ಪುಡಿ ಹತ್ತಿದ ಬೀಜ ಒಮ್ಮೆ ಕೂರಿಗೆಯಲ್ಲಿ ಇಳಿದರೆ ಬಟ್ಟಲು, ಕೊಳವೆಗಳಿಗೆ ಅದು ಅಂಟಿಕೊಳ್ಳುತ್ತದೆ, ಆಮೇಲೆ ಹೋಲಿಕೆಗೆ ಅರ್ಥವಿರುವುದಿಲ್ಲ.

ನಲವತ್ತನೇ ದಿನ ಕಾಲುವೆ ಹೊಲದ ಪೂರ್ವದ ಎಕರೆಯಲ್ಲಿ ಗಿಡ ಅಗೆದೆವು. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ, ಅದಕ್ಕೆ ಗುದ್ದಲಿಯಿಂದ ಸುತ್ತ ಅಗೆದು ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ನೆನೆಹಾಕಬೇಕು. ಎರೆಮಣ್ಣು ಕರಗಲು ಅರ್ಧ ತಾಸು ಬೇಕು. ಉಪಚಾರ ಮಾಡಿದ ಸಾಲಿನ ಹತ್ತು ಗಿಡ, ಮಾಡದ ಸಾಲಿನ ಹತ್ತು ಗಿಡ. ಎರಡರಲ್ಲೂ ಒಂದೇ ಕಥೆ: ಬೇರು ಬರಿದು, ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ಬಿಳಿ ಗಂಟು. ಬ್ಲೇಡಿನಿಂದ ಕೊಯ್ದರೆ ಒಳಗೂ ಬಿಳಿ. ಕೆಲಸ ಮಾಡುವ ಗಂಟು ಒಳಗೆ ಕೆಂಪಗಿರಬೇಕು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ಬಂಧುವೊಂದು ಅಲ್ಲಿರುತ್ತದೆ, ಲೆಗ್‌ಹಿಮೋಗ್ಲೋಬಿನ್. ಬಿಳಿ ಗಂಟು ಅಂದರೆ ಗಿಡದ ಊಟ ಉಂಡು ಏನೂ ಕೊಡದೆ ಕುಳಿತ ಅಣುಜೀವಿ.

ಹಳೇ ಹೊಲದಲ್ಲಿ ಮಾತ್ರ ಉಪಚಾರ ಮಾಡಿದ ಸಾಲಿನಲ್ಲೂ ಮಾಡದ ಸಾಲಿನಲ್ಲೂ ಗಂಟು ಸಮೃದ್ಧವಾಗಿದ್ದವು. ತಲೆಮಾರುಗಳಿಂದ ಕಡಲೆ ಬೆಳೆದ ಮಣ್ಣಿನಲ್ಲಿ ಕಡಲೆಯ ಅಣುಜೀವಿ ಮೊದಲೇ ಮನೆಮಾಡಿಕೊಂಡಿದೆ. ಅಂಥ ಹೊಲ ಇರುವವರು ಈ ಪಾಕೀಟಿನಿಂದ ದೊಡ್ಡ ಬದಲಾವಣೆ ಕಾಣುವ ಸಂಭವ ಕಡಿಮೆ.

ಹಾಗಾದರೆ ಪಾಕೀಟಿನೊಳಗೆ ಏನಿತ್ತು? ನನಗೆ ಸಮಾಧಾನವಾಗಲಿಲ್ಲ. ಅದೇ ಅಂಗಡಿಯಿಂದ ಅದೇ ಬ್ಯಾಚ್ ಸಂಖ್ಯೆಯ ಇನ್ನೊಂದು ಪಾಕೀಟು ತಂದು, ಈಗ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯ ಬಳಿ ಒಯ್ದೆ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು, ದ್ರವ ರೂಪದಲ್ಲಿ ಮಿಲಿಲೀಟರಿಗೆ 10 ಕೋಟಿ. ಒಂದು ಲಕ್ಷ ಪಟ್ಟು ತೆಳು ಮಾಡಿದಾಗ ಬೇರೆ ಸೂಕ್ಷ್ಮಜೀವಿ ಕಾಣಬಾರದು. ಈ ಸಂಖ್ಯೆ ಬರೀ ಕಾಗದದ ಮೇಲಿನದಲ್ಲ. ನೂರು ಕಡಲೆಕಾಳು ತೂಗಿದೆ, 20 ಗ್ರಾಂ ಬಂತು. ಹತ್ತು ಕಿಲೋದಲ್ಲಿ ಸುಮಾರು 50,000 ಕಾಳು. ನಿಯಮದಂತಿರುವ ಪಾಕೀಟಿನಲ್ಲಿ 1,000 ಕೋಟಿ ಕೋಶ. ಪ್ರತಿ ಕಾಳಿಗೆ ಎರಡು ಲಕ್ಷ. ಒಣಗುವಾಗ, ಮಣ್ಣಲ್ಲಿ ಬಿದ್ದಾಗ ಬಹುಪಾಲು ಸತ್ತರೂ ಬೇರು ಮೂಡುವ ಹೊತ್ತಿಗೆ ಕೆಲವಾದರೂ ಉಳಿಯಲಿ ಎಂಬ ಲೆಕ್ಕ ಅದು.

ಕಾಂಗೋ ರೆಡ್ ಬಣ್ಣ ಬೆರೆಸಿದ ಅಗರ್ (ಅಣುಜೀವಿ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿ ರೈಜೋಬಿಯಂ ಬಣ್ಣ ಹೀರುವುದಿಲ್ಲ, ಹಾಲುನೀರಿನ ಹನಿಯಂತೆ ಬಿಳಿಯಾಗಿ ಬೆಳೆಯುತ್ತದೆ. ಬೇರೆಯವು ಹೆಚ್ಚಾಗಿ ಕೆಂಪು ಹಿಡಿಯುತ್ತವೆ. ಐದನೇ ದಿನ ನೋಡಿದರೆ ಒಂದು ಲಕ್ಷ ಪಟ್ಟು ತೆಳುವಿನ ತಟ್ಟೆಯಲ್ಲಿ ಕೆಂಪು ಚುಕ್ಕೆಗಳು ತುಂಬಿದ್ದವು, ಮೂಲೆಯಲ್ಲಿ ಹತ್ತಿಯಂತೆ ಹಬ್ಬಿದ ಬೂಷ್ಟು, ನಡುವೆ ಬಿಳಿ ಹನಿ ಮೂರೇ ಮೂರು. ತಟ್ಟೆಗೆ ಹಾಕಿದ್ದು ಮಿಲಿಲೀಟರಿನ ಹತ್ತನೇ ಒಂದು ಭಾಗ, ಆ ಲೆಕ್ಕದಲ್ಲಿ ಗ್ರಾಂಗೆ 30 ಲಕ್ಷ. ಇರಬೇಕಾದದ್ದು 5 ಕೋಟಿ.

ಎಣಿಕೆ ಕಡಿಮೆಯಾದದ್ದು ಒಂದು ಕಾರಣ. ಎರಡನೆಯದು ಅದಕ್ಕಿಂತ ದೊಡ್ಡದು, ಅದನ್ನು ಮನೆಯಲ್ಲೇ ಕಂಡೆ. ಹೊಳೆಮರಳನ್ನು ತೊಳೆದು ಪ್ರೆಶರ್ ಕುಕ್ಕರಿನಲ್ಲಿ ಎರಡು ಸಲ ಬೇಯಿಸಿ, ಸ್ಟೀಲ್ ಲೋಟಗಳಿಗೆ ತುಂಬಿದೆ. ಕೆಲವಕ್ಕೆ ಕಡಲೆ, ಕೆಲವಕ್ಕೆ ಸೋಯಾ ಅವರೆ. ಕುದಿಸಿ ಆರಿಸಿದ ನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಅರ್ಧ ಲೋಟಗಳಿಗೆ ಮಾತ್ರ ಪಾಕೀಟಿನ ಪುಡಿ. ಐದು ವಾರವಾದ ಮೇಲೆ ಬೋರಲು ಹಾಕಿದೆ. ಪುಡಿ ಹಾಕಿದ ಸೋಯಾ ಬೇರಿನಲ್ಲಿ ಸಾಬೂದಾಣಿಯಂಥ ದುಂಡು ಗಂಟು, ಒಂದೊಂದು ಗಿಡಕ್ಕೆ ನಾಲ್ಕೈದು. ಅದೇ ಪುಡಿ ಹಾಕಿದ ಕಡಲೆಯ ಬೇರಿನಲ್ಲಿ ಒಂದೂ ಇಲ್ಲ. "ಎಲ್ಲ ದ್ವಿದಳ ಧಾನ್ಯಗಳಿಗೆ" ಎಂದು ಬರೆದ ಪಾಕೀಟಿನಲ್ಲಿ ಇದ್ದದ್ದು ಸೋಯಾದ ಅಣುಜೀವಿ.

ಇದು ಯಾಕೆ ಹೀಗೆ ಎಂಬುದನ್ನು ನಾನು ಬಿಡಿಸಿ ಹೇಳಲೇಬೇಕು. "ರೈಜೋಬಿಯಂ" ಎಂಬ ಒಂದು ಹೆಸರಿನ ಕೆಳಗೆ ಏನನ್ನಾದರೂ ಮಾರಬಹುದು ಎಂಬ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ.

ಬೇರು ಮಣ್ಣಿಗೆ ಫ್ಲೇವನಾಯ್ಡ್ ಎಂಬ ರಸ ಸೂಸುತ್ತದೆ. ಒಂದೊಂದು ಜಾತಿಯ ಗಿಡದ್ದು ಒಂದೊಂದು ಬಗೆ. ಕುದುರೆಮಸಾಲೆ (ಲೂಸರ್ನ್ ಮೇವು) ವಿಷಯದಲ್ಲಿ ಅದು ಲ್ಯೂಟಿಯೋಲಿನ್ ಎಂದು 1986ರಲ್ಲಿ ಅಮೆರಿಕದ ಶರಾನ್ ಲಾಂಗ್ ಅವರ ತಂಡ ತೋರಿಸಿತು. ಸೋಯಾದ್ದು ಜೆನಿಸ್ಟೀನ್, ಡೈಡ್ಜೀನ್. ಅಣುಜೀವಿಯೊಳಗಿನ ನಾಡ್-ಡಿ ಎಂಬ ಜೀನ್ ತಯಾರಿಸುವ ಪ್ರೋಟೀನು ಈ ರಸವನ್ನು ಗುರುತು ಹಿಡಿದು ಉಳಿದ ನಾಡ್ ಜೀನುಗಳನ್ನು ಎಬ್ಬಿಸುತ್ತದೆ. ಆಗ ನಾಡ್-ಸಿ ಸಕ್ಕರೆಯ ಕಣಗಳನ್ನು ಒಂದಕ್ಕೊಂದು ಪೋಣಿಸುತ್ತದೆ, ನಾಡ್-ಬಿ ಅದರ ಒಂದು ತುದಿಯನ್ನು ಬೋಳು ಮಾಡುತ್ತದೆ, ನಾಡ್-ಎ ಅಲ್ಲಿಗೆ ಕೊಬ್ಬಿನ ಬಾಲ ಹಚ್ಚುತ್ತದೆ. ಈ ಮೂರು ಜೀನು ಬಹುತೇಕ ಎಲ್ಲ ಬೇರುಗಂಟಿನ ಅಣುಜೀವಿಗಳಲ್ಲೂ ಇವೆ. ಮೇಲಿನ ಕುಸುರಿ ಮಾತ್ರ ಬೇರೆ ಬೇರೆ: ಸೋಯಾದ ಅಣುಜೀವಿ ನಾಡ್-ಝಡ್ ಜೀನಿನಿಂದ ಫ್ಯೂಕೋಸ್ ಎಂಬ ಸಕ್ಕರೆ ಕೂಡಿಸುತ್ತದೆ, ಕುದುರೆಮಸಾಲೆಯದ್ದು ನಾಡ್-ಎಚ್‌ನಿಂದ ಗಂಧಕದ ಗುಂಪು ಕೂಡಿಸುತ್ತದೆ. ಹೀಗೆ ತಯಾರಾಗುವುದು ಅಣುಜೀವಿ ಬೇರಿಗೆ ಕಳಿಸುವ ಸಂಕೇತ, ಅದರ ರಚನೆಯನ್ನು 1990ರಲ್ಲಿ ಫ್ರಾನ್ಸಿನ ತುಲೂಸ್‌ನ ವಿಜ್ಞಾನಿಗಳು ಬಿಡಿಸಿದರು. ತನ್ನದೇ ಸಂಕೇತ ಬಂದರೆ ಬೇರಿನ ಕೂದಲು ಕೊಕ್ಕೆಯಂತೆ ಬಾಗಿ ಅಣುಜೀವಿಯನ್ನು ಒಳಗೆ ಕರೆದುಕೊಳ್ಳುತ್ತದೆ. ಪರರ ಸಂಕೇತಕ್ಕೆ ಕಡಲೆಯ ಬೇರು ಓಗೊಡುವುದಿಲ್ಲ. ಕಡಲೆ ಈ ವಿಷಯದಲ್ಲಿ ಬಹಳ ಮಡಿವಂತ. ಅದಕ್ಕೆ ಬೇಕಾದದ್ದು ಮೀಸೋರೈಜೋಬಿಯಂ ಗುಂಪಿನವು, ಮುಖ್ಯವಾಗಿ 1994ರಲ್ಲಿ ಹೆಸರು ಪಡೆದ ಸೈಸೆರಿ ಪ್ರಭೇದ. ಸೋಯಾದ್ದು ಬ್ರಾಡಿರೈಜೋಬಿಯಂ, ಬೇರೆಯೇ ಮನೆತನ.

ಒಳಗೆ ಹೋದ ಮೇಲೆ ನಿಫ್ ಜೀನುಗಳ ಕೆಲಸ. ನಿಫ್-ಎಚ್, ನಿಫ್-ಡಿ, ನಿಫ್-ಕೆ ಸೇರಿ ಕಟ್ಟುವ ನೈಟ್ರೋಜಿನೇಸ್ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುತ್ತದೆ. ಒಂದು ಕಣ ಸಾರಜನಕಕ್ಕೆ 16 ಕಣ ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ನಾಣ್ಯ, ಖರ್ಚು. ಅಷ್ಟು ಶಕ್ತಿಗೆ ಊಟ ಯಾರು ಕೊಡಬೇಕು? ಗಿಡ. ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಕಡಲೆ ಹೊಲದ ಮೇಲೆ ಬಟ್ಟೆ ಹಾಸಿ ಇಬ್ಬನಿ ಹಿಂಡಿ ಹುಳಿ ಕೂಡಿಡುತ್ತಿದ್ದರು, ಹೊಟ್ಟೆನೋವಿಗೆ ಕೊಡುತ್ತಿದ್ದರು. ಆ ಹುಳಿಯಲ್ಲಿ ಮುಖ್ಯವಾದದ್ದು ಮ್ಯಾಲಿಕ್ ಆಮ್ಲ. ಎಲೆಯ ಮೇಲೆ ನಾಲಿಗೆಗೆ ಸಿಗುವ ಅದೇ ಆಮ್ಲವನ್ನು ಗಿಡ ಬೇರುಗಂಟಿನೊಳಗಿನ ಅಣುಜೀವಿಗೂ ಉಣಿಸುತ್ತದೆ. ಅದನ್ನು ಒಳಕ್ಕೆ ಎಳೆದುಕೊಳ್ಳಲು ಅಣುಜೀವಿಗೆ ಡಿಸಿಟಿ-ಎ ಎಂಬ ಜೀನು ಬೇಕು. ಆ ಒಂದು ಜೀನು ಕೆಟ್ಟರೆ ಗಂಟು ಕಟ್ಟುತ್ತದೆ, ಸಾರಜನಕ ಹಿಡಿಯುವುದಿಲ್ಲ. ಇದನ್ನು ಓದಿಕೊಂಡ ದಿನ ನಾನು ಹೊಲಕ್ಕೆ ಹೋಗಿ ಒಂದು ಎಲೆ ಕಿತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಬದುವಿನ ಮೇಲೆ ಕುಳಿತಿದ್ದೆ.

ಎರಡನೇ ವರ್ಷ ಒಂದು ದಿನ ವ್ಯರ್ಥವಾದರೂ ಪರವಾಗಿಲ್ಲ ಎಂದು ಧಾರವಾಡಕ್ಕೆ ಹೋಗಿ, ಜೀವಾಣು ಗೊಬ್ಬರ ತಯಾರಿಸುವ ಕಡೆಯೇ ಕೊಂಡೆ. ಪಾಕೀಟಿನ ಮೇಲೆ "ಕಡಲೆ" ಎಂದು ಬೆಳೆಯ ಹೆಸರು, ತಯಾರಿಸಿದ ದಿನ ಎಂಟು ದಿನ ಹಿಂದಿನದು. ತಂಪು ಕೋಣೆಯಿಂದ ತೆಗೆದುಕೊಟ್ಟರು. ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಬಿತ್ತುವವರೆಗೆ ಅಡುಗೆಮನೆಯ ಮೂಲೆಯಲ್ಲಿ, ನೀರಿನ ಹರವಿಯ ಪಕ್ಕ ಒದ್ದೆ ಮರಳಿನ ಮೇಲೆ. ಯೂರಿಯಾ ಚೀಲದ ಹತ್ತಿರ ಇಡಬೇಡಿ. ಒಂದು ಪಾಕೀಟು ಮತ್ತೆ ಅದೇ ವಿದ್ಯಾರ್ಥಿನಿಯ ಹತ್ತಿರ ಹೋಯಿತು: 86 ಬಿಳಿ ಹನಿ, ಅಂದರೆ ಗ್ರಾಂಗೆ 8.6 ಕೋಟಿ. ಕೆಂಪು ಒಂದೂ ಇಲ್ಲ. ಕುಕ್ಕರಿನ ಮರಳಿನಲ್ಲಿ ಕಡಲೆಗೆ ಗಂಟು ಬಂತು, ಸೋಯಾಗೆ ಬರಲಿಲ್ಲ. ಹೀಗೇ ಇರಬೇಕು.

ಕಾಲುವೆ ಹೊಲದಲ್ಲಿ ಅಲ್ಲಿಯವರೆಗೆ ಕಡಲೆ ಕಾಣದ ಪಶ್ಚಿಮದ ಎಕರೆಗೆ ಅದನ್ನು ಬಳಸಿದೆ. ಮೊದಲ ವರ್ಷದ ಹಾಗೆಯೇ ಎಂಟು ಸಾಲು ಬಿಟ್ಟು. ಮೂವತ್ತೈದನೇ ದಿನಕ್ಕೆ ದೂರದಿಂದಲೇ ಗುರುತು ಸಿಗುತ್ತಿತ್ತು, ಬಿಟ್ಟ ಸಾಲುಗಳು ತಿಳಿಹಳದಿ, ಉಳಿದದ್ದು ಕಡುಹಸಿರು. ಬಕೆಟ್ಟಿನಲ್ಲಿ ತೊಳೆದಾಗ ತಾಯಿಬೇರಿನ ಮೇಲ್ಭಾಗಕ್ಕೆ ಗೊಂಚಲು ಗೊಂಚಲು ಗಂಟು. ಕಡಲೆಯ ಗಂಟು ಸೋಯಾದ ಹಾಗೆ ದುಂಡಗಿರುವುದಿಲ್ಲ, ಕವಲೊಡೆದು ಬೀಸಣಿಗೆಯಂತೆ ಅಗಲವಾಗುತ್ತದೆ, ತುದಿ ಬಿಳಿ. ಕಾಕಾ ತಾವೇ ಬ್ಲೇಡು ಕೇಳಿ ತೆಗೆದುಕೊಂಡು ಒಂದನ್ನು ಸೀಳಿದರು. ಒಳಗೆ ಹಸಿ ಮಾಂಸದ ಕೆಂಪು. ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ ಹಾಗೇ ಗಾಳಿ ತಾಗಿ ಕಂದಾಯಿತು. "ರಕ್ತ ಐತಲ್ರೀ ಅಕ್ಕೋರ ಇದರಾಗ" ಎಂದರು. ಆ ವರ್ಷ ಯೂರಿಯಾ ಮೇಲುಗೊಬ್ಬರ ಹಾಕಲೇ ಇಲ್ಲ. ಮಣ್ಣಿನಲ್ಲಿ ಸಾರಜನಕ ಪುಕ್ಕಟೆ ಸಿಕ್ಕರೆ ಗಿಡ ಗಂಟು ಸಾಕುವುದನ್ನು ಬಿಟ್ಟುಬಿಡುತ್ತದೆ. ಪೂರ್ವದ ಎಕರೆಯಲ್ಲಿ ಮೊದಲ ವರ್ಷ ನಾಲ್ಕು ಕ್ವಿಂಟಲ್ ಮುಟ್ಟಿರಲಿಲ್ಲ. ಇಲ್ಲಿ ಐದರ ಮೇಲೆ ಹೋಯಿತು. ಎರಡೂ ವರ್ಷದ ಹಸಿ ಒಂದೇ ಇರಲಿಲ್ಲ, ಆದ್ದರಿಂದ ಅಷ್ಟೂ ಪಾಕೀಟಿನದೇ ಪುಣ್ಯ ಎನ್ನಲಾರೆ. ಆದರೆ ಪಕ್ಕಪಕ್ಕದ ಸಾಲುಗಳ ಬಣ್ಣಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇಷ್ಟು ಒಳ್ಳೆಯ ಪಾಕೀಟಿನ ಮೇಲೂ ನನಗೆ ಒಂದು ಬೇಡಿಕೆ ಇದೆ. ಬೆಳೆಯ ಹೆಸರಿನ ಜೊತೆಗೆ ಅಣುಜೀವಿಯ ತಳಿಯ ಸಂಖ್ಯೆಯನ್ನೂ ರೈತನಿಗೆ ಕಾಣುವಂತೆ ಅಚ್ಚು ಹಾಕಬೇಕು. ಬೀಜದ ಚೀಲದ ಮೇಲೆ ಅಣ್ಣಿಗೇರಿ-1 ಎಂದೋ ಜೆಜಿ-11 ಎಂದೋ ಇರುವ ಹಾಗೆ. ಆಸ್ಟ್ರೇಲಿಯಾದಲ್ಲಿ ಕಡಲೆಗೆ ದಶಕಗಳಿಂದ ಸಿಸಿ1192 ಎಂಬ ಒಂದೇ ತಳಿ ಕೊಡುತ್ತಾರೆ, ಅಲ್ಲಿನ ರೈತನಿಗೆ ತಾನು ಏನು ಬಿತ್ತುತ್ತಿದ್ದೇನೆಂದು ಗೊತ್ತು.

ತಳಿ ಗೊತ್ತಿರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣ ನ್ಯೂಜಿಲೆಂಡಿನ ಒಂದು ಹೊಲ. ಅಲ್ಲಿ ಲೋಟಸ್ ಎಂಬ ಮೇವಿನ ದ್ವಿದಳ ಸಸ್ಯವನ್ನು ಒಂದೇ ತಳಿಯ ಅಣುಜೀವಿ ಹಚ್ಚಿ ಬಿತ್ತಿದ್ದರು. ಆ ಮಣ್ಣಿನಲ್ಲಿ ಅದಕ್ಕೆ ಗಂಟು ಕಟ್ಟಬಲ್ಲದ್ದು ಮೊದಲು ಇರಲಿಲ್ಲ. ಏಳು ವರ್ಷದ ಮೇಲೆ ಗಂಟು ಬಿಡಿಸಿ ನೋಡಿದರೆ ಒಳಗಿದ್ದವು ಬೇರೆ ಬೇರೆ ಅಣುಜೀವಿಗಳು. ಸ್ಥಳೀಯವಾಗಿ ಮಣ್ಣಲ್ಲಿದ್ದು ಗಂಟಿನ ಗೊಡವೆಯೇ ಇಲ್ಲದಿದ್ದವು, ಬಿತ್ತಿದ ತಳಿಯಿಂದ ಸುಮಾರು ಐದು ಲಕ್ಷ ಅಕ್ಷರ ಉದ್ದದ ಡಿಎನ್‌ಎ ತುಂಡನ್ನು ಇಡಿಯಾಗಿ ಪಡೆದುಕೊಂಡಿದ್ದವು. ನಾಡ್, ನಿಫ್ ಎಲ್ಲವೂ ಆ ಒಂದು ತುಂಡಿನಲ್ಲಿ, ಬುತ್ತಿಗಂಟು ಕಟ್ಟಿಕೊಟ್ಟ ಹಾಗೆ. ವಿಜ್ಞಾನಿಗಳಾದ ಸಲಿವನ್ ಮತ್ತು ರಾನ್ಸನ್ 1990ರ ದಶಕದಲ್ಲಿ ಇದನ್ನು ತೋರಿಸಿ ಸಹಜೀವನ ದ್ವೀಪ ಎಂದು ಕರೆದರು. ಆಸ್ಟ್ರೇಲಿಯಾದ ಕಡಲೆ ಹೊಲಗಳಲ್ಲೂ ಸಿಸಿ1192ರ ಬುತ್ತಿ ಹೊತ್ತ ಸ್ಥಳೀಯ ಅಣುಜೀವಿಗಳು ಸಿಕ್ಕಿವೆ. ಬುತ್ತಿ ಅದೇ ಆದರೂ ಹೊತ್ತವರೆಲ್ಲ ಅಷ್ಟೇ ಚೆನ್ನಾಗಿ ದುಡಿಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿಸೆರುಲಾ ಎಂಬ ಮೇವಿನ ಬೆಳೆಗೆ ಹೀಗೆ ಕೆಲವೇ ವರ್ಷದಲ್ಲಿ ಹುಟ್ಟಿಕೊಂಡ ಹೊಸಬರಲ್ಲಿ ಕೆಲವರು ಗಂಟು ಕಟ್ಟಿಯೂ ಸಾರಜನಕ ಸರಿಯಾಗಿ ಕೊಡಲಿಲ್ಲ.

ಅಗರ್ ತಟ್ಟೆಯ ಮೇಲೆ ಬುತ್ತಿ ಇದ್ದದ್ದೂ ಬಿಳಿ ಹನಿ, ಇಲ್ಲದ್ದೂ ಬಿಳಿ ಹನಿ. 8.6 ಕೋಟಿ ಎಣಿಸಿ ಸಂತೋಷಪಟ್ಟ ನನಗೆ ಅದರಲ್ಲಿ ಆ ಜೀನುಗಳಿವೆಯೋ ಇಲ್ಲವೋ ಎಂದು ತಟ್ಟೆ ಹೇಳಲಿಲ್ಲ, ಮರಳಿನ ಲೋಟ ಹೇಳಿತು. ಕೆಲವು ಜಾತಿಗಳಲ್ಲಿ ಈ ಜೀನುಗಳು ವರ್ಣತಂತುವಿನಲ್ಲಿರದೆ ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿರುತ್ತವೆ. ಬಟಾಣಿಯ ಅಣುಜೀವಿಯಲ್ಲಿ ಹಾಗೇ, ಅದನ್ನು 1978ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯವರು ಪ್ಲಾಸ್ಮಿಡ್ಡನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ತೋರಿಸಿದರು. ಕ್ಲೋವರ್ ಎಂಬ ಮೇವಿನ ದ್ವಿದಳ ಸಸ್ಯದ ಅಣುಜೀವಿಯನ್ನು 35 ಡಿಗ್ರಿ ಶಾಖದಲ್ಲಿ ಬೆಳೆಸಿದಾಗ ಅದು ಪ್ಲಾಸ್ಮಿಡ್ ಕಳೆದುಕೊಂಡು, ಜೀವಂತವಾಗಿದ್ದೂ ಗಂಟು ಕಟ್ಟಲಾರದೆ ಹೋಯಿತು. ಕಡಲೆಯ ತಳಿಗಳಲ್ಲಿ ಹೆಚ್ಚಾಗಿ ದ್ವೀಪ ವರ್ಣತಂತುವಿನಲ್ಲೇ ಕೂಡಿಕೊಂಡಿರುತ್ತದೆ, ಆ ಭಯ ಕಡಿಮೆ. ಆದರೂ ಬಿಸಿಲಿಗೆ ಕೋಶಗಳೇ ಸಾಯುತ್ತವಲ್ಲ. ಅಂಗಡಿಯವರಲ್ಲಿ ನನ್ನ ಕಳಕಳಿಯ ಕೋರಿಕೆ: ಈ ಪಾಕೀಟನ್ನು ಕೀಟನಾಶಕದ ಡಬ್ಬಿಗಳ ಸಾಲಿನಲ್ಲಿ ಜೋಡಿಸಬೇಡಿ, ಮೊಸರು ಹೇಗೆ ಇಡುತ್ತೀರೋ ಹಾಗೆ ಇಡಿ.

ಕೊಳ್ಳುವವರಿಗೆ ನನ್ನ ಮಾತು: ಕೊಳ್ಳಿ. ಎಕರೆಗೆ ಎರಡೂವರೆ ಪಾಕೀಟು, ಯೂರಿಯಾ ಚೀಲದ ಬೆಲೆಯ ಮುಂದೆ ಅದು ದೊಡ್ಡದಲ್ಲ. ಕಡಲೆ ಹೊಸದಾಗಿ ಬಿತ್ತುವ ಹೊಲವಾದರೆ ಬಿಡಲೇಬೇಡಿ. ಬೆಳೆಯ ಹೆಸರಿಲ್ಲದ ಪಾಕೀಟು ವಾಪಸ್ ಕೊಡಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಒಣಗಿದ ಮೇಲೆ ಕೊನೆಗೆ ಇದು. ಹಚ್ಚಿದ ಬೀಜವನ್ನು ಮರುದಿನಕ್ಕೆ ಇಡಬೇಡಿ.

ಈ ಸಲ ಪೂರ್ವದ ಎಕರೆಗೆ ಮತ್ತೆ ಕಡಲೆ ಬಿತ್ತಬೇಕೆಂದಿದ್ದೇನೆ, ಒಳ್ಳೆಯ ಪಾಕೀಟು ಹಾಕಿ. ಮೊದಲ ವರ್ಷದ ಬಿಳಿ ಗಂಟಿನವು ಅಲ್ಲಿ ಈಗ ನೆಲೆಯೂರಿರಬಹುದು, ಅವುಗಳನ್ನು ಹಿಂದಿಕ್ಕಿ ಹೊಸ ತಳಿ ಬೇರು ಹಿಡಿಯುತ್ತದೆಯೋ ನೋಡಬೇಕು. ಸೀಗೆ ಹುಣ್ಣಿಮೆಯ ಹೊತ್ತಿಗೆ ಹಸಿ ಸರಿಯಿದ್ದರೆ ಬಿತ್ತನೆ. ಕಾಕಾ ಆಗಲೇ ಕೇಳಿದ್ದಾರೆ, ಧಾರವಾಡಕ್ಕೆ ಎಂದು ಹೋಗುವುದು, ಈ ಸಲ ತಾವೂ ಬರುತ್ತಾರಂತೆ.